ಟೈಮ್‌ಔಟಿನಲ್ಲಿ ಆಡಿದ ಮಾತು

ಬೆನೆಡಿಕ್ಟಾ ಮೊಂತೇರೊ ಹೆದರುಪುಕ್ಕಲಿ ಎಂಬುದು ಮರ್ದಾಳದ ಆಸುಪಾಸಿನಲ್ಲಿ ಎಲ್ಲರಿಗೂ ಗೊತ್ತು. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ತುಸು ತಡವಾದರೂ ಅವಳು ಸೌಟು ಕೆಳಗಿಟ್ಟು ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಗಂಡ ಲಿಗೋರಿ ಬೆಳಿಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋದವನು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಆನೆ ಬಂತೋ, ಹಾವು ಕಚ್ಚಿತೋ ಎಂದು ಗೇಟಿಗೂ ಒಲೆಗೂ ನಡೆದಾಡುತ್ತಿದ್ದಳು. ಇಂಥವಳು ಇಗರ್ಜಿಯ ಯುವಸಂಘದ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಾಳೆ ಎಂದರೆ ಹೊಸಬರು ನಂಬುತ್ತಿರಲಿಲ್ಲ.

ಅವಳು ಕಬಡ್ಡಿಗೆ ಇಳಿದದ್ದೇ ಹೆದರಿಕೆಯಿಂದ. ಹೈಸ್ಕೂಲಿನಲ್ಲಿ ಆಟ ಆಡಿಸುತ್ತಿದ್ದ ಸಿಸ್ಟರ್ ಸೆರಫಿನಾ ಅಂಕಣಕ್ಕೆ ಕರೆದಾಗ ಇಲ್ಲ ಎನ್ನುವ ಧೈರ್ಯ ಬರಲಿಲ್ಲ. ಮೊದಲ ಪಂದ್ಯದ ದಿನ ಮೈದಾನದ ಅಂಚಿನ ಗೇರುಮರದ ಬುಡದಲ್ಲಿ ಕುಳಿತು ವಾಂತಿ ಮಾಡಿದಳು. ಸಿಸ್ಟರ್ ಬಾಯಿ ತೊಳೆಯಲು ನೀರು ಕೊಟ್ಟರು. "ಹೆದರಿಕೆ ಹೋಗ್ಲಿ ಅಂತ ಕಾದ್ರೆ ನೀನು ಮುದುಕಿ ಆಗ್ತಿ ಬೆನ್ನಿ. ಅದನ್ನೂ ಜೊತೆಗೆ ಕರ್ಕೊಂಡು ಹೋಗು" ಎಂದರು. ಬೆನ್ನಿ ಹೋದಳು. ಆಮೇಲೆ ಜಿಲ್ಲಾ ತಂಡದವರೆಗೂ ಹೋದಳು. ಪ್ರತಿ ಪಂದ್ಯಕ್ಕೂ ಮೊದಲು ಹೊಟ್ಟೆ ತೊಳಸುವುದು ಮಾತ್ರ ನಿಲ್ಲಲಿಲ್ಲ.

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಕಬಡ್ಡಿ ಬಿಟ್ಟುಹೋಗಿತ್ತು. ಫಾದರ್ ಸಿಪ್ರಿಯನ್ ಬಂದ ವರ್ಷ ಮಕ್ಕಳಿಗೆ ಧರ್ಮೋಪದೇಶದ ತರಗತಿ ತೆಗೆದುಕೊಳ್ಳಲು ಜನ ಸಾಲದೆ ಅವಳನ್ನೂ ಕೇಳಿದರು. ಬೆನ್ನಿ ಒಂದು ಭಾನುವಾರ ಪುಸ್ತಕ ಹಿಡಿದು ಮಕ್ಕಳ ಮುಂದೆ ನಿಂತಳು. ನಾಲಗೆ ಒಣಗಿತು, ಅಕ್ಷರ ಕಾಣಲಿಲ್ಲ. ಪೂಜೆ ಮುಗಿದ ಮೇಲೆ ಫಾದರ್ ಬಳಿ ಹೋಗಿ ಕೈಮುಗಿದಳು.

"ಪುಸ್ತಕ ಹಿಡಿದು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ ಫಾದರ್. ಬೇಕಾದ್ರೆ ಇಗರ್ಜಿಯ ಹಿಂದಿನ ಜಾಗದಲ್ಲಿ ಹುಡುಗಿಯರಿಗೆ ಕಬಡ್ಡಿ ಹೇಳಿಕೊಡ್ತೇನೆ."

"ಕಬಡ್ಡಿಯಲ್ಲಿ ಧರ್ಮೋಪದೇಶ ಎಲ್ಲಿ ಉಂಟು?" ಫಾದರ್ ನಕ್ಕರು.

"ಇರ್ಬೇಕು ಫಾದರ್. ನಾನು ಕಲ್ತದ್ದು ಅಲ್ಲಿಯೇ."

ಹೀಗೆ ಶುರುವಾಯಿತು. ಬೆನ್ನಿಯ ನಿಯಮಗಳು ಕೆಲವೇ. ಕೆಡವಿದವಳನ್ನು ಕೆಡವಿದವಳೇ ಕೈಕೊಟ್ಟು ಎಬ್ಬಿಸಬೇಕು. ಅಂಪೈರ್ ನೋಡದಿದ್ದರೂ ಎದುರಾಳಿಯ ಕೈ ಮೈಗೆ ತಾಗಿದ್ದರೆ ತಾನಾಗಿ ಕೈ ಎತ್ತಿ ಹೊರಗೆ ಹೋಗಬೇಕು. ಬೆಂಚಿನಲ್ಲಿ ಕುಳಿತವಳಿಗೆ ಮೊದಲು ನೀರು. ವಿಶ್ವಾಸ ಎಂಬುದು ಪೂಜೆ ಮುಗಿದ ಮೇಲೆ ಶುರುವಾಗುವ ಕೆಲಸ ಎಂದು ಅವಳ ತಿಳಿವಳಿಕೆ. ಅದನ್ನು ಮಾತಿನಲ್ಲಿ ಹೇಳಲು ಬಾರದ್ದರಿಂದ ಹುಡುಗಿಯರ ಕೈಯಲ್ಲಿ ಮಾಡಿಸುತ್ತಿದ್ದಳು. ಆದರೆ ತಾವಾಗಿಯೇ ಕೈ ಎತ್ತುವ ತಂಡ ಎಷ್ಟು ದಿನ ಗೆದ್ದೀತು? ವರ್ಷಕ್ಕೊಮ್ಮೆ ನಡೆಯುವ ಪಂದ್ಯಾಟದಲ್ಲಿ ಎರಡು ವರ್ಷ ಸೆಮಿಫೈನಲಿನಲ್ಲಿ ಹಾಗೆಯೇ ಸೋತರು. ಸುತ್ತಲಿನವರು 'ಪ್ರಾರ್ಥನೆ ಟೀಮು' ಎಂದು ಹೆಸರಿಟ್ಟರು. ನೋಡುವವರು ನಗುವಾಗ ಹುಡುಗಿಯರೂ ನಕ್ಕುಬಿಡುತ್ತಿದ್ದರು. ಬೆನ್ನಿಗೆ ಮಾತ್ರ ಆ ನಗು ಎಲ್ಲೋ ಚುಚ್ಚಿ ಉಳಿಯುತ್ತಿತ್ತು.

ಮೂರನೆಯ ವರ್ಷ ಪಂದ್ಯಾಟ ಸುಳ್ಯದಲ್ಲಿ ನಡೆಯಿತು. ಸೆಮಿಫೈನಲಿನಲ್ಲಿ ಎದುರಿಗೆ ಬಂದದ್ದು ಪಂಜದ ಕಡೆಯ ಹುಡುಗಿಯರ ತಂಡ. ಅವರ ರೈಡರ್ ದೀಕ್ಷಿತಾ ಪಿಯುಸಿ ಓದುವ ಹುಡುಗಿ, ತೆಳ್ಳಗೆ, ಮೀನಿನ ಹಾಗೆ. ಹಿಡಿದರೆ ಜಾರಿ ಹೋಗುತ್ತಿದ್ದಳು. ಬಂದಾಗಲೆಲ್ಲ ಬೆನ್ನಿಯ ತಂಡದ ಇಬ್ಬರನ್ನು ಹೊರಗೆ ಕಳಿಸುತ್ತಿದ್ದಳು. ಹಿಂದಿನಿಂದ ಯಾರೋ "ಪ್ರಾರ್ಥನೆ ಮಾಡಿ, ಪ್ರಾರ್ಥನೆ ಮಾಡಿ!" ಎಂದು ಕೂಗಿದರು. ಜನ ಹೋ ಎಂದಿತು.

ಬೆನ್ನಿ ಟೈಮ್‌ಔಟ್ ತೆಗೆದುಕೊಂಡಳು. ಹುಡುಗಿಯರಿಗೆ ನೀರು ಕೊಟ್ಟಳು. ಜೆನಿಟಾಳನ್ನು ಮಾತ್ರ ಪಕ್ಕಕ್ಕೆ ಕರೆದಳು. ಜೆನಿಟಾ ತಂಡದಲ್ಲೇ ಗಟ್ಟಿ ಹುಡುಗಿ, ಕಾಲು ಹಿಡಿದಳೆಂದರೆ ಬಿಡುವವಳಲ್ಲ. ಬೆನ್ನಿ ಅವಳ ಕಿವಿಯ ಬಳಿ ಬಾಯಿಟ್ಟು ಹೇಳಿದಳು:

"ಅವಳನ್ನು ಹಿಡಿದ್ರೆ ಸಾಲದು. ಇನ್ನೊಂದು ಸಲ ರೈಡಿಗೆ ಬಾರದ ಹಾಗೆ ಹಾಕು."

ಜೆನಿಟಾ ಒಮ್ಮೆ ಅವಳ ಮುಖ ನೋಡಿದಳು. ಆಮೇಲೆ ತಲೆಯಾಡಿಸಿ ಒಳಗೆ ಹೋದಳು.

ದೀಕ್ಷಿತಾ ಮುಂದಿನ ರೈಡಿಗೆ ಬಂದಾಗ ಜೆನಿಟಾ ಅವಳ ಕಣಕಾಲು ಹಿಡಿದು ಎತ್ತಿದಳು. ಅದೇ ಹೊತ್ತಿಗೆ ಉಳಿದವರು ಸರಪಳಿ ಕಟ್ಟಿ ಬಂದು ಗುದ್ದಿದರು. ಹುಡುಗಿ ಮೇಲಕ್ಕೆ ಹೋದವಳು ಕುತ್ತಿಗೆ ಮಡಚಿಕೊಂಡು ಮ್ಯಾಟಿನ ಮೇಲೆ ಬಿದ್ದಳು. ಅಂಪೈರ್ ಸೀಟಿ ಊದಿ ಅಂಕ ಕೊಟ್ಟರು. ಜೆನಿಟಾ ಅಭ್ಯಾಸದಂತೆ ಎಬ್ಬಿಸಲು ಕೈ ಚಾಚಿದಳು. ಕೆಳಗಿದ್ದವಳು ಕಣ್ಣು ಬಿಟ್ಟೇ ಇದ್ದಳು.

"ನನಗೆ ಕೈ ಗೊತ್ತಾಗುದಿಲ್ಲ," ಎಂದಳು ದೀಕ್ಷಿತಾ. "ಕೈ ಎಲ್ಲಿ ಉಂಟು ನಂದು?"

ಅವಳನ್ನು ಬೆಂಚಿನ ಮೇಲೆ ಮಲಗಿಸಿ ಆ್ಯಂಬುಲೆನ್ಸಿಗೆ ಒಯ್ದರು. ಸುಳ್ಯದಿಂದ ಪುತ್ತೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು ಎಂದು ಸಂಜೆಯ ಹೊತ್ತಿಗೆ ಸುದ್ದಿ ಬಂತು. ಪಂದ್ಯಾಟವನ್ನು ಅಲ್ಲಿಗೇ ನಿಲ್ಲಿಸಿದ್ದರು. ಹುಡುಗಿಯರು ಜೀಪು ಹತ್ತಿ ವಾಪಸು ಹೊರಟರು. ಜೆನಿಟಾ ಕಿಟಕಿಗೆ ಮುಖ ಮಾಡಿ ಕುಳಿತಿದ್ದಳು. ಬೆನ್ನಿಗೆ ಅವಳ ಹೆಗಲ ಮೇಲೆ ಕೈಯಿಡಬೇಕು ಅನಿಸಿತು. ಇಡಲು ಧೈರ್ಯ ಬರಲಿಲ್ಲ.

ಮರುದಿನ ವಿಡಿಯೊ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ನೋಡಿದ ಆಟಗಾರರೆಲ್ಲ ಹಿಡಿತದಲ್ಲಿ ತಪ್ಪಿಲ್ಲ ಎಂದರು. ಅಂಪೈರೂ ಅದನ್ನೇ ಹೇಳಿದರು. ಆದರೆ ಎಲ್ಲೋ ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ವಿಡಿಯೊದ ಕೆಳಗೆ 'ಇಗರ್ಜಿಯವರು ಬೇಕಂತಲೇ ಬೀಳಿಸಿದ್ದು' ಎಂದು ಬರೆದರು. ಅದಕ್ಕೆ ಇನ್ನೊಬ್ಬರು ಉತ್ತರ ಕೊಟ್ಟರು. ಲಿಗೋರಿ ಅದನ್ನು ಓದಿ ಹೇಳಿದಾಗ ಬೆನ್ನಿ ಸೊಪ್ಪು ಹೆಚ್ಚುವ ಕೈ ನಿಲ್ಲಿಸಿದಳು. ಬರೆದವನಿಗೆ ಏನೂ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಬರೆದಿದ್ದ. ಆದರೂ ಅದು ನಿಜ ಎಂಬುದು ಜಗತ್ತಿನಲ್ಲಿ ಇಬ್ಬರಿಗೆ ಗೊತ್ತಿತ್ತು.

ಅವಳಿಗೆ ಅನ್ನ ಇಳಿಯಲಿಲ್ಲ. ಶಾಲೆಯ ಸಾಂಬಾರಿಗೆ ಉಪ್ಪು ಎರಡು ಸಲ ಬಿತ್ತು. ಹುಡುಗಿ ಸತ್ತುಹೋದಳೋ, ಎದ್ದು ಕುಳಿತಳೋ, ಯಾವ ಸುದ್ದಿ ಬಂದೀತೆಂದು ತಿಳಿಯದೆ ಫೋನನ್ನು ಅಕ್ಕಿಡಬ್ಬದೊಳಗೆ ಇಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟಳು. ಜೆನಿಟಾಳ ತಾಯಿ ಬಂದು, "ಮಗು ಊಟ ಬಿಟ್ಟಿದೆ, ಕಾಲೇಜಿಗೂ ಹೋಗುದಿಲ್ಲ. ಕೇಳಿದ್ರೆ ಏನೂ ಹೇಳುದಿಲ್ಲ. ನೀವೊಮ್ಮೆ ಮಾತಾಡಿ ಬೆನ್ನಿ," ಎಂದಾಗ ಬೆನ್ನಿಗೆ ಅರ್ಥವಾಯಿತು. ತಾನು ಆಡಿದ ಮಾತನ್ನು ಆ ಹುಡುಗಿ ಒಬ್ಬಳೇ ಹೊತ್ತುಕೊಂಡು ಕುಳಿತಿದೆ.

ಪುತ್ತೂರಿಗೆ ಹೋಗಬೇಕು ಎಂದು ಬೆನ್ನಿ ಹೇಳಿದಾಗ ಇಗರ್ಜಿಯ ಪಾಲನಾ ಮಂಡಳಿಯ ಉಪಾಧ್ಯಕ್ಷ ಎವ್ಜಿನ್ ಮಾಮ್ ಗದರಿದರು.

"ಎಂತ ತಲೆ ಕೆಟ್ಟಿದೆಯಾ ನಿಂಗೆ? ಅಂಪೈರೇ ತಪ್ಪಿಲ್ಲ ಅಂದ ಮೇಲೆ ನೀನು ಹೋಗಿ ನಿಂತ್ರೆ ತಪ್ಪು ಒಪ್ಕೊಂಡ ಹಾಗೆ ಆಗುದಿಲ್ವಾ? ಪೊಲೀಸ್ ಕೇಸ್ ಆದ್ರೆ ಜೆನಿಟಾಳ ಗತಿ ಎಂತ? ಊರಿನ ಗಾಳಿ ಈಗ ಹೇಗೆ ಬೀಸ್ತಾ ಉಂಟು, ಗೊತ್ತುಂಟಲ್ಲ?"

ಫಾದರ್ ಸಿಪ್ರಿಯನ್ ಅಷ್ಟು ಖಡಾಖಂಡಿತವಾಗಿ ಮಾತಾಡಲಿಲ್ಲ. "ಸ್ವಲ್ಪ ದಿನ ಕಾಯಿರಿ," ಎಂದರು. "ಪೂಜೆಯಲ್ಲಿ ಆ ಮಗುವಿನ ಹೆಸರು ಹೇಳಿ ಪ್ರಾರ್ಥನೆ ಮಾಡುವ."

ಬೆನ್ನಿ ಫಾದರ್‌ಗೆ ಎದುರಾಡಿದ್ದು ಅದೇ ಮೊದಲು. "ಪ್ರಾರ್ಥನೆ ನಾನು ಮಾಡ್ತಾ ಇದ್ದೇನೆ ಫಾದರ್. ಪ್ರಾರ್ಥನೆ ಮಾಡಿದಷ್ಟೂ ಆ ಮಗು ನನ್ನನ್ನೇ ನೋಡ್ತದೆ." ಟೈಮ್‌ಔಟಿನಲ್ಲಿ ಆಡಿದ ಮಾತನ್ನು ಅವರಿಗೆ ಹೇಳಿದಳು. ಫಾದರ್, "ಹಾಗಾದ್ರೆ ಹೋಗಿ," ಎಂದರು. "ನಾನು ಬರ್ಬೇಕಾ?"

"ಬೇಡ. ನೀವು ಬಂದ್ರೆ ನಾನು ನಿಮ್ಮ ಹಿಂದೆ ಅಡಗ್ತೇನೆ."

ಕಾಣಿಯೂರು ದಾರಿಯ ಬಸ್ಸಿನಲ್ಲಿ ಪುತ್ತೂರಿಗೆ ಹೋಗುವಾಗ ಎರಡು ಸಲ ಇಳಿದು ವಾಪಸು ಬರುವ ಯೋಚನೆ ಬಂತು. ಆಸ್ಪತ್ರೆಯ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತಳು. ವಾರ್ಡಿನ ಹೊರಗೆ ಬೆಂಚಿನಲ್ಲಿ ದೀಕ್ಷಿತಾಳ ತಾಯಿ ಚೆನ್ನು ಕುಳಿತಿದ್ದಳು, ಬೀಡಿ ಕಟ್ಟಿ ಕಪ್ಪಾದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು. ತಂದೆ ತ್ಯಾಂಪಣ್ಣ ಗೋಡೆಗೆ ಒರಗಿ ನಿಂತಿದ್ದ. ಬೆನ್ನಿ ತಾನು ಯಾರೆಂದು ತುಳುವಿನಲ್ಲಿ ಹೇಳಿದಳು. ತ್ಯಾಂಪಣ್ಣ ನೆಟ್ಟಗಾದ.

"ಈಗ ಎಂತಕ್ಕೆ ಬಂದದ್ದು ನೀವು?"

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಹಾರಿಹೋದವು. ಬೆನ್ನಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. "ಹಿಡಿದ ಹುಡುಗಿಯದ್ದು ತಪ್ಪಿಲ್ಲ. ಇನ್ನು ರೈಡಿಗೆ ಬಾರದ ಹಾಗೆ ಹಾಕು ಅಂತ ನಾನು ಹೇಳಿದ್ದು. ನಾನೇ ಹೇಳಿದ್ದು."

ತ್ಯಾಂಪಣ್ಣ ಮೆಟ್ಟಿಲಿಳಿದು ಹೋದ. ಚೆನ್ನು ಅಲ್ಲಿಯೇ ಕುಳಿತಿದ್ದಳು. ಅಳಲಿಲ್ಲ, ಬೈಯಲಿಲ್ಲ. ಕೊನೆಗೆ ನೆಲ ನೋಡುತ್ತಲೇ, ಕ್ರೈಸ್ತ ಹೆಂಗಸರನ್ನು ಆ ಊರುಗಳಲ್ಲಿ ಕರೆಯುವ ಹಾಗೆ ಕರೆದು ಅಂದಳು: "ಇದನ್ನು ಹೇಳಿ ನಿಮ್ಮ ಎದೆ ಹಗುರ ಆಯಿತು ಬಾಯಮ್ಮ. ನಾನು ಎಂತ ಮಾಡ್ಲಿ ಇದನ್ನು ಇಟ್ಕೊಂಡು?"

ಹೇಳಿದರೆ ಮುಗಿಯಿತು ಎಂದು ತಾನು ಎಣಿಸಿದ್ದು ಬೆನ್ನಿಗೆ ಆಗ ಗೊತ್ತಾಯಿತು. ಮುಗಿದದ್ದೇನೂ ಇರಲಿಲ್ಲ. ಚೆನ್ನುವಿನ ಸೀರೆ ಮಾಸಿತ್ತು, ತಲೆ ಬಾಚಿರಲಿಲ್ಲ.

"ನೀವೊಮ್ಮೆ ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ. ಅಷ್ಟು ಹೊತ್ತು ನಾನು ಕೂತ್ಕೊಳ್ತೇನೆ," ಎಂದಳು.

"ನಿಮ್ಮ ಕೈಯಲ್ಲಿ ಬಿಟ್ಟಾ?" ಚೆನ್ನು ಮೊದಲ ಸಲ ತಲೆಯೆತ್ತಿ ನೋಡಿದಳು.

ಬೆನ್ನಿ ವಾಪಸು ಬಂದಳು. ಮರುದಿನ ಶಾಲೆಯ ಕೆಲಸ ಮುಗಿದದ್ದೇ ತಡ, ಟಿಫಿನ್ ಕ್ಯಾರಿಯರಿನಲ್ಲಿ ಗಂಜಿ, ಹುರುಳಿ ಚಟ್ನಿ ತುಂಬಿಕೊಂಡು ಮತ್ತೆ ಬಸ್ಸು ಹತ್ತಿದಳು. ಚೆನ್ನು ಮುಟ್ಟಲಿಲ್ಲ. ಗಂಜಿ ಬೆಂಚಿನ ಮೇಲೆಯೇ ಉಳಿಯಿತು. ಬೆನ್ನಿ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತು ಕೊನೆಯ ಬಸ್ಸಿಗೆ ಎದ್ದಳು. ಅದರ ಮರುದಿನವೂ ಹೋದಳು. ಲಿಗೋರಿ, "ಬಾಗಿಲು ಮುಚ್ಚಿದ ಮನೆಗೆ ಎಷ್ಟು ಸಲ ಹೋಗುದು ಮಾರಾಯ್ತಿ?" ಎಂದು ಬೇಸರಪಟ್ಟುಕೊಂಡ. ಆದರೂ ಬಸ್‌ಸ್ಟಾಪಿನವರೆಗೆ ಬೈಕಿನಲ್ಲಿ ಬಿಟ್ಟ.

ಒಂದು ದಿನ ತ್ಯಾಂಪಣ್ಣ ಊರಿಗೆ ಹೋಗಿದ್ದ. ನರ್ಸು ಯಾವುದೋ ಮದ್ದು ಕೂಡಲೇ ತರಬೇಕು ಎಂದಳು. ಚೆನ್ನು ಚೀಟಿ ಹಿಡಿದು ಎದ್ದು, ಬಾಗಿಲ ಕಡೆ ನೋಡಿ, ಬೆನ್ನಿಯ ಕಡೆ ನೋಡಿದಳು. "ಒಳಗೆ ಕೂತ್ಕೊಳ್ಳಿ," ಎಂದಳು. ಅಷ್ಟೇ.

ದೀಕ್ಷಿತಾ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಸೂರು ನೋಡುತ್ತ ಮಲಗಿದ್ದಳು. ಕುತ್ತಿಗೆಯ ನರಕ್ಕೆ ಪೆಟ್ಟಾಗಿ ಊದಿದೆ, ಊತ ಇಳಿದ ಹಾಗೆ ಕೈಗೆ ಬಲ ಬರಬಹುದು, ಎಷ್ಟು ಎಂದು ಹೇಳಲಾಗದು ಎಂದಿದ್ದರು ಡಾಕ್ಟರು. ಬಲಗೈ ತುಸು ಅಲ್ಲಾಡುತ್ತಿತ್ತು. ಎಡಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಬೆನ್ನಿ ತಾನು ಹೇಳಿದ ಮಾತನ್ನು ಅವಳಿಗೂ ಹೇಳಿದಳು.

ಹುಡುಗಿ ಸೂರಿನಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ಸರ್ ಕೂಡ ಹಾಗೇ ಹೇಳುದು ಆಂಟಿ," ಎಂದಳು. "ಎಲ್ಲರೂ ಹಾಗೇ ಹೇಳುದಲ್ವಾ?"

ಈ ಮಾತು ಬೆನ್ನಿಯನ್ನು ಬೈಗಳಿಗಿಂತ ಹೆಚ್ಚು ಹೆದರಿಸಿತು. ಎಲ್ಲ ಮೈದಾನಗಳಲ್ಲಿ ಎಲ್ಲರೂ ಹೇಳುವ ಮಾತು. ತಾನು ಮಾತ್ರ ಹೇಳುವುದಿಲ್ಲ ಎಂದು ಇಷ್ಟು ವರ್ಷ ಎಣಿಸಿಕೊಂಡಿದ್ದಳಲ್ಲ?

ಮುಂದಿನ ಸಲ ಅವಳು ಜೆನಿಟಾಳನ್ನು ಕರೆದುಕೊಂಡು ಹೋದಳು. ಆ ಹುಡುಗಿ ಮೊದಲು ಬರುವುದಿಲ್ಲ ಎಂದು ತನ್ನ ಮನೆಯಲ್ಲಿ ಮಂಚದ ಕಾಲು ಹಿಡಿದು ಕುಳಿತಿತ್ತು. "ನನಗೂ ಹೆದರಿಕೆ ಆಗ್ತದೆ ಮಗಾ. ದಿನಾ ಆಗ್ತದೆ. ಇಬ್ಬರೂ ಹೆದರಿಕೊಂಡೇ ಹೋಗುವ," ಎಂದು ಬೆನ್ನಿ ಅವಳ ಚಪ್ಪಲಿ ತಂದು ಮುಂದಿಟ್ಟಳು. ವಾರ್ಡಿನಲ್ಲಿ ಜೆನಿಟಾ ಮಂಚದ ಪಕ್ಕ ನಿಂತು ಮಾತೇ ಹೊರಡದೆ ಅಳತೊಡಗಿದಳು.

"ಅಳ್ಬೇಡ ಮಾರಾಯ್ತಿ, ನನಗೆ ಕಣ್ಣು ಒರೆಸ್ಲಿಕ್ಕೆ ಕೈ ಬರುದಿಲ್ಲ," ಎಂದಳು ದೀಕ್ಷಿತಾ. ಆಮೇಲೆ, "ನಿನ್ನ ಹಿಡಿತ ಭಾರಿ ಗಟ್ಟಿ ಉಂಟು. ಯಾರು ಕಲಿಸಿದ್ದು?" ಎಂದು ಕೇಳಿದಳು. ಜೆನಿಟಾ ಬೆನ್ನಿಯ ಕಡೆ ನೋಡಿದಳು. ಅವತ್ತು ಜೆನಿಟಾ ಅವಳಿಗೆ ಚಮಚದಲ್ಲಿ ಗಂಜಿ ಕುಡಿಸಿದಳು. ಮನೆಗೆ ಬಂದ ಮೇಲೆ ತಾನೂ ಉಂಡಳಂತೆ.

ಆ ಮೇಲೆ ಇಗರ್ಜಿಯ ಹುಡುಗಿಯರು ಸರದಿಯ ಮೇಲೆ ಹೋಗತೊಡಗಿದರು. ಯಾರೂ ಅವರನ್ನು ಕಳಿಸಲಿಲ್ಲ. ಒಬ್ಬಳು ಕಾಲೇಜಿನ ನೋಟ್ಸ್ ಓದಿ ಹೇಳಿದರೆ ಇನ್ನೊಬ್ಬಳು ತಲೆ ಬಾಚಿದಳು. ಚೆನ್ನು ಮನೆಗೆ ಹೋಗಿ ದನ ನೋಡಿಕೊಂಡು, ಸ್ನಾನ ಮಾಡಿ ಬರುವಂತಾಯಿತು. ತ್ಯಾಂಪಣ್ಣ ಮಾತ್ರ ಬೆನ್ನಿ ಬಂದರೆ ಹೊರಗೆ ಹೋಗುತ್ತಿದ್ದ. ವಿಡಿಯೊದ ಕೆಳಗಿನ ಜಗಳ ಬೇರೊಂದು ವಿಡಿಯೊ ಸಿಕ್ಕಿದ ಮೇಲೆ ತಾನಾಗಿ ತಣ್ಣಗಾಯಿತು. ಕೇಸೂ ಆಗಲಿಲ್ಲ. ಎವ್ಜಿನ್ ಮಾಮ್ ಇಗರ್ಜಿಯ ಅಂಗಳದಲ್ಲಿ ಬೆನ್ನಿಯನ್ನು ನಿಲ್ಲಿಸಿ, ಆ ಹುಡುಗಿ ಎಳನೀರು ಕುಡಿಯುತ್ತಾಳೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಮರುದಿನ ಬೆನ್ನಿಯ ಮನೆಯ ಜಗಲಿಯಲ್ಲಿ ಎಳನೀರಿನ ಗೊನೆ ಇತ್ತು.

ಕೊನೆಗೆ ದೀಕ್ಷಿತಾ ತನ್ನ ಕಾಲ ಮೇಲೆಯೇ ಆಸ್ಪತ್ರೆಯಿಂದ ಹೊರಟು ಮನೆಗೆ ಹೋದಳು. ಎಡಗೈಯ ಎರಡು ಬೆರಳು ಈಗಲೂ ಸರಿಯಾಗಿ ಮಡಚುವುದಿಲ್ಲ. ಇನ್ನು ಕಬಡ್ಡಿ ಆಡಬಾರದು ಎಂದರು ಡಾಕ್ಟರು. ಆ ಸುದ್ದಿಯನ್ನು ಅವಳು ಹೇಗೆ ತೆಗೆದುಕೊಂಡಳೆಂದು ಬೆನ್ನಿ ಕೇಳಿದಾಗ ಚೆನ್ನು, "ಬಚ್ಚಲಲ್ಲಿ ಅಳ್ತಾಳೆ. ನನಗೆ ಗೊತ್ತಾಗ್ಬಾರದು ಅಂತ ನೀರು ಬಿಡ್ತಾಳೆ," ಎಂದಳು. ಅದಕ್ಕೆ ಯಾವ ಸಮಾಧಾನವೂ ಇರಲಿಲ್ಲ.

ತರಬೇತುದಾರರ ಸಭೆ ಕಡಬದಲ್ಲಿ ಮಳೆಗಾಲ ಮುಗಿದ ಮೇಲೆ ಸೇರಿತು. ಪ್ರತಿ ವರ್ಷ ಬೆನ್ನಿ ಹಿಂದಿನ ಸಾಲಿನಲ್ಲಿ ಕುಳಿತು ಚಹಾ ಕುಡಿದು ಬರುತ್ತಿದ್ದಳು. ಈ ಸಲ ಎದ್ದು ನಿಂತಳು. ತಾನು ಹೇಳಿದ ಮಾತು, ಆದ ಪೆಟ್ಟು, ಆ ಹುಡುಗಿಯ ಪ್ರಶ್ನೆ, ಎಲ್ಲವನ್ನೂ ಅಡ್ಡಾದಿಡ್ಡಿಯಾಗಿ ಹೇಳಿದಳು. "ಹಿಡಿಯುದು ಕಲಿಸುವ ಮೊದಲು ಬೀಳುದು ಕಲಿಸುವ. ಮತ್ತೆ ಟೈಮ್‌ಔಟಿನಲ್ಲಿ ನಾವು ಎಂತ ಹೇಳ್ತೇವೆ ಅಂತ ಮಕ್ಕಳು ಕೇಳ್ತಾರೆ. ಕೇಳಿ ಹಾಗೇ ಮಾಡ್ತಾರೆ. ಅಷ್ಟೇ ನಂದು."

ಯಾರೋ, "ಇದು ಪ್ರವಚನ ಆಯ್ತು ಬಾಯಮ್ಮ, ಕಬಡ್ಡಿ ಅಲ್ಲ," ಎಂದು ನಕ್ಕರು. ಒಬ್ಬರು ಚಹಾದ ಲೋಟ ಹುಡುಕುತ್ತ ಎದ್ದರು. ಆಗ ದೀಕ್ಷಿತಾಳ ತಂಡಕ್ಕೆ ಕಲಿಸುತ್ತಿದ್ದ ಗುರುವಪ್ಪ ಮೇಷ್ಟ್ರು ಮೂಲೆಯಿಂದ, "ಬಾಯಮ್ಮ ಹೇಳಿದ್ದು ನಾನೂ ಹೇಳಿದ್ದೇನೆ, ನನ್ನ ಮಕ್ಕಳಿಗೆ, ಎಷ್ಟೋ ಸಲ," ಎಂದರು. ನಕ್ಕವರು ನಿಲ್ಲಿಸಿದರು. ನಿರ್ಣಯವೇನೂ ಆಗಲಿಲ್ಲ. ಆದರೆ ಗುರುವಪ್ಪ ತಮ್ಮ ಹುಡುಗಿಯರನ್ನು ಒಂದು ಭಾನುವಾರ ಮಧ್ಯಾಹ್ನ ಇಗರ್ಜಿಯ ಹಿಂದಿನ ಮೈದಾನಕ್ಕೆ ಕರೆತಂದರು. ಎರಡೂ ತಂಡದವರು ಬೈಹುಲ್ಲಿನ ಮೇಲೆ ಬೀಳುವುದನ್ನು ಕಲಿತರು. ಕುತ್ತಿಗೆ ಒಳಗೆ ಎಳೆದುಕೊಂಡು ಹೆಗಲ ಮೇಲೆ ಉರುಳುವುದು, ಗಾಳಿಯಲ್ಲಿ ಎದ್ದವಳ ಕಾಲನ್ನು ಕೆಳಗಿಳಿಸುವುದು. ಬೆನ್ನಿ ಪ್ರತಿಯೊಬ್ಬಳೂ ಏಳುವವರೆಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಮುಂದಿನ ವರ್ಷದ ಪಂದ್ಯಾಟ ಕಡಬದಲ್ಲಿಯೇ ಆಯಿತು. ಬೆನ್ನಿಯ ತಂಡ ಸೆಮಿಫೈನಲನ್ನು ಒಂದು ಅಂಕದಿಂದ ಸೋತಿತು. ಜೆನಿಟಾ ಹಿಡಿದ ರೈಡರನ್ನು ಎತ್ತಿ ಹಾಕಬಹುದಿತ್ತು. ಅವಳು ಕಾಲಿನ ಹಿಡಿತ ಸಡಿಲಿಸಿ ಕೆಳಗಿಳಿಸಿದಳು. ಆ ರೈಡರ್ ಕೈ ಚಾಚಿ ನಡುಗೆರೆ ಮುಟ್ಟಿ ಆ ಅಂಕ ಗಳಿಸಿದಳು. ಹಿಂದಿನಿಂದ ಯಾರೋ ಹಳೆಯ ಹೆಸರನ್ನೇ ಕೂಗಿದರು. ಜೆನಿಟಾ ಹೊರಗೆ ಬಂದು ಮೊಣಕಾಲಿನ ಧೂಳು ಒರೆಸಿಕೊಳ್ಳುತ್ತ, "ಬೇಜಾರಾಯ್ತಾ ಆಂಟಿ?" ಎಂದು ಕೇಳಿದಳು.

"ಆಗದೆ ಮತ್ತೆ?" ಎಂದಳು ಬೆನ್ನಿ. "ನೀರು ಕುಡಿ."

ಸಾಮಾನು ಕಟ್ಟುವಾಗ ಹಿಂದೆ ಯಾರೋ ನಿಂತ ಹಾಗಾಯಿತು. ತ್ಯಾಂಪಣ್ಣ. ಮೈದಾನದ ಆಚೆ ತುದಿಯಲ್ಲಿ ನಿಂತು ಪಂದ್ಯ ನೋಡಿದ್ದನೋ ಏನೋ. ಆಸ್ಪತ್ರೆಯ ಆ ಮೊದಲ ದಿನದ ನಂತರ ಅವನು ಬೆನ್ನಿಯೊಡನೆ ಒಂದು ಮಾತೂ ಆಡಿರಲಿಲ್ಲ.

"ಯಾರಿಗೂ ಪೆಟ್ಟಾಗಲಿಲ್ಲ ಅಲ್ವಾ?" ಎಂದು ಕೇಳಿದ.

"ಇಲ್ಲ. ಮೊಣಕೈ ತರಚಿದೆ ಒಬ್ಬಳಿಗೆ, ಅಷ್ಟೇ."

"ಹಾಂ," ಎಂದ. ಪಂಜದ ಬಸ್ಸಿನ ಹಾರನ್ ಕೇಳಿ ಆ ಕಡೆಗೆ ಅವಸರವಾಗಿ ನಡೆದ.

ಬೆನ್ನಿ ಮೊಣಕೈ ತರಚಿದ ಹುಡುಗಿಯನ್ನು ಕರೆದು ಗಾಯ ತೊಳೆದಳು. ಹುಡುಗಿ "ಉರೀತದೆ ಆಂಟಿ" ಎಂದು ಕಿರುಚಿದಳು. ಬೆನ್ನಿ ಗಾಯಕ್ಕೆ ಊದುತ್ತ, ಇನ್ನೊಂದು ಕೈಯಿಂದ ಅವಳ ಕುತ್ತಿಗೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.